ಸುರಂಗದ ಗೇಮಿಗೆ ಟೂಡಿಯೋ ತ್ರೀಡಿಯೋ: ಏಸ್‌ಪ್ರೈಟ್ ಮತ್ತು ಬ್ಲೆಂಡರ್ ಎರಡನ್ನೂ ಬಳಸಿ ನೋಡಿದ ಮೇಲೆ

ಇದು ಎರಡು ಸಾಫ್ಟ್‌ವೇರ್‌ಗಳ ವಿಮರ್ಶೆ. ಒಂದು ಏಸ್‌ಪ್ರೈಟ್. ಟೂಡಿ ಪಿಕ್ಸೆಲ್ ಚಿತ್ರಕ್ಕೆಂದೇ, ಅಂದರೆ ಚುಕ್ಕೆ ಚುಕ್ಕೆ ಇಟ್ಟು ಬರೆಯುವ ಚಿತ್ರಕ್ಕೆಂದೇ ಮಾಡಿದ್ದು, ದುಡ್ಡು ಕೊಟ್ಟು ಕೊಳ್ಳಬೇಕು. ಇನ್ನೊಂದು ಬ್ಲೆಂಡರ್. ತ್ರೀಡಿಗೆ ಬೇಕಾದ್ದೆಲ್ಲ ಅದರಲ್ಲಿ ಉಂಟು, ಪೂರ್ತಿ ಉಚಿತ. ಎರಡರಲ್ಲೂ ಒಂದೇ ದೃಶ್ಯ ಮಾಡಿದೆ. ಕಾಸರಗೋಡಿನ ನಮ್ಮ ಬದಿಯಡ್ಕ ಕಡೆಯ ಒಂದು ಸುರಂಗ, ಅದರ ಬಾಯಿ, ಮುಂದೆ ನೀರು ತುಂಬುವ ಕೆರೆ, ಕೆಳಗೆ ಅಡಿಕೆ ತೋಟ. ಎರಡನ್ನೂ ಗೋಡೋ ಎಂಬ ಗೇಮ್ ಎಂಜಿನ್‌ಗೆ, ಅಂದರೆ ಚಿತ್ರ, ಕೋಡ್ ಎಲ್ಲ ಸೇರಿಸಿ ಗೇಮ್ ಕಟ್ಟುವ ಸಾಫ್ಟ್‌ವೇರಿಗೆ ಹಾಕಿ ಓಡಿಸಿದೆವು. ಒಂದನ್ನು ಆಯ್ಕೆ ಮಾಡಿಕೊಂಡೆವು. ಆ ಆಯ್ಕೆಗೆ ಕಾರಣ ಏನು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಾಸರಗೋಡು ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಕೋಡ್ ಬರೆಯುವುದು ನನ್ನ ತಮ್ಮ. ನಮ್ಮಿಬ್ಬರ ತಂಡ ಅಷ್ಟೇ. ಗೇಮಿನ ಕಥೆ ಸುರಂಗ ತೋಡುವವರದ್ದು. ಈ ಕಡೆಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲಿನ (ತೂತು ತೂತಿನ ಕೆಂಪು ಕಲ್ಲಿನ) ಒಳಗೆ ಅಡ್ಡಲಾಗಿ ಕೊರೆದ ನೀರಿನ ದಾರಿಗೆ ಸುರಂಗ ಎನ್ನುತ್ತೇವೆ. ಅಗಲ ಬರೀ ಅರ್ಧ ಮೀಟರಿನ ಆಸುಪಾಸು. ಎತ್ತರ ಒಬ್ಬ ಮನುಷ್ಯ ನಿಲ್ಲುವಷ್ಟು. ಉದ್ದ ಕೆಲವು ಮೀಟರಿನಿಂದ ಹಿಡಿದು 300 ಮೀಟರಿನವರೆಗೂ ಉಂಟು. ಪಂಪು ಬೇಡ, ಕರೆಂಟು ಬೇಡ. ಕಲ್ಲಿನಿಂದ ಒಸರಿದ ನೀರು ತನ್ನಷ್ಟಕ್ಕೆ ಹರಿದು ಬಾಯಿಗೆ ಬರುತ್ತದೆ, ಅಲ್ಲಿಂದ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಕೆರೆಗೆ ಹೋಗುತ್ತದೆ. ಒಳಗೆ ತೋಡುವವರು ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಬತ್ತಿ ಮಂಕಾಯಿತು ಅಂದರೆ ಗಾಳಿ ಸಾಲದು ಎಂದರ್ಥ, ಹೊರಗೆ ಬರಬೇಕು.

ಈ ಬತ್ತಿಯೇ ನಮ್ಮ ಗೇಮಿನ ಜೀವ. ಆಡುವವರು ಅಜ್ಜನ ಕೆಲಸ ಕಲಿಯುವ ಒಬ್ಬ ಹುಡುಗಿ. ಅವಳಿಗೆ ದಮ್ಮು ಹೆಚ್ಚಬೇಕು, ಮಣ್ಣು ಓದುವ ಕಣ್ಣು ಬರಬೇಕು, ಪಿಕ್ಕಾಸು ಒಳ್ಳೆಯದಾಗಬೇಕು. ಜೊತೆಗೆ ಬುಟ್ಟಿ ಹೊರುವವನು, ದೀಪ ಹಿಡಿಯುವವಳು. ಪಾತ್ರಗಳನ್ನು ಬೆಳೆಸುತ್ತಾ ಆಡುವ ರೋಲ್ ಪ್ಲೇಯಿಂಗ್ ಗೇಮ್ ಅಂದಮೇಲೆ ಇಷ್ಟಾದರೂ ಬೇಕಲ್ವಾ?

ತಮ್ಮನದು ಮೊದಲಿನಿಂದಲೂ ತ್ರೀಡಿ ಪಕ್ಷ. "ಅಕ್ಕಾ, ಸುರಂಗ ಅಂದ್ರೆ ಇಕ್ಕಟ್ಟು, ಕತ್ತಲೆ. ಅದು ತ್ರೀಡಿಯಲ್ಲಿ ಮಾತ್ರ ಗೊತ್ತಾಗ್ತದೆ. ಒಳಗೇ ಹೋದ ಹಾಗೆ ಆಗ್ತದೆ" ಎಂದ. ಕೇಳಲು ಸರಿ ಅನ್ನಿಸಿತು. ಹಾಗಾಗಿ ಬ್ಲೆಂಡರಿನಿಂದಲೇ ಶುರು ಮಾಡಿದೆವು.

ಬ್ಲೆಂಡರ್ ಬಗ್ಗೆ ನನಗೆ ದೊಡ್ಡ ಗೌರವ ಉಂಟು. ಅದು ಉಚಿತವಾದ ಕಥೆಯೇ ಚೆಂದ. ಅದನ್ನು ಮಾಡುತ್ತಿದ್ದ ಕಂಪೆನಿ ಮುಚ್ಚಿದಾಗ ತೋನ್ ರೋಸೆಂದಾಲ್ 2002ರಲ್ಲಿ ಜನರ ಹತ್ತಿರ ಹಣ ಕೇಳಿದರು. ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿತು. ಅದೇ ವರ್ಷ ಅಕ್ಟೋಬರ್ 13ಕ್ಕೆ ಬ್ಲೆಂಡರ್ ಎಲ್ಲರದ್ದಾಯಿತು. ಒಂದು ಗ್ರಾಮದ ಶಾಲೆಯ ಟೀಚರಿಗೆ ದೊಡ್ಡ ಸಿನಿಮಾ ಕಂಪೆನಿಯವರು ಬಳಸುವಂಥ ಸಾಧನ ಒಂದು ಪೈಸೆ ಇಲ್ಲದೆ ಸಿಗುತ್ತದೆ ಅಂದರೆ ಅದು ಸಣ್ಣ ವಿಷಯ ಅಲ್ಲ.

ಕಲಿಯುವುದು ಕಷ್ಟ ಅನ್ನುತ್ತಾರೆ. ಶುರುವಿನಲ್ಲಿ ಹೌದು. 2019ರಲ್ಲಿ ಬಂದ 2.80 ಆವೃತ್ತಿಯಿಂದ ಈಚೆಗೆ ಪರದೆ ತುಂಬ ಸುಧಾರಿಸಿದೆ, ಎಡ ಕ್ಲಿಕ್ಕಿನಲ್ಲೇ ವಸ್ತು ಹಿಡಿಯಬಹುದು. ಲ್ಯಾಪ್‌ಟಾಪಿನಲ್ಲಿ ನಂಬರಿನ ಕೀಲಿಗಳು ಬೇರೆ ಇಲ್ಲದಿದ್ದರೆ ಪ್ರಿಫರೆನ್ಸಸ್‌ಗೆ ಹೋಗಿ ‘ಎಮ್ಯುಲೇಟ್ ನಮ್‌ಪ್ಯಾಡ್’ ಹಾಕಿಕೊಳ್ಳಿ. ಮೌಸಿನ ನಡುವಿನ ಚಕ್ರ ಇಲ್ಲದವರಿಗೂ ಅಲ್ಲೇ ಒಂದು ಆಯ್ಕೆ ಉಂಟು. ಇವೆರಡು ಗೊತ್ತಿಲ್ಲದೆ ಎಷ್ಟೋ ಜನ ಮೊದಲ ದಿನವೇ ಬಿಟ್ಟುಬಿಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೂ ಭಯ ಇಲ್ಲ. ಎರಡು ನಿಮಿಷಕ್ಕೊಮ್ಮೆ ಅದೇ ಒಂದು ಪ್ರತಿ ಉಳಿಸಿಕೊಳ್ಳುತ್ತದೆ.

ಬ್ಲೆಂಡರಿನಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಹೆಂಚಿನ ಮಾಡು. ಒಂದು ಮಂಗಳೂರು ಹೆಂಚು ಮಾಡಿದರೆ ಸಾಕು. ‘ಅರೇ’ ಎಂಬ ಮಾಡಿಫೈಯರ್ ಹಾಕಿ ಎಷ್ಟು ಬೇಕೋ ಅಷ್ಟು ಸಾಲು. ಉದ್ದ ಬದಲಾಯಿಸಬೇಕಾದರೆ ಒಂದು ಅಂಕಿ ತಿದ್ದಿದರಾಯಿತು. ಅಡಿಕೆ ಮರವೂ ಹಾಗೆಯೇ. ಒಂದು ಮರ ಸರಿಯಾಗಿ ಮಾಡಿ, ಎತ್ತರ ಓರೆ ಸ್ವಲ್ಪ ಸ್ವಲ್ಪ ಬದಲಿಸಿ ನೆಟ್ಟರೆ ತೋಟ ಸಿದ್ಧ. ಗೋಡೋದಲ್ಲಿ ಮಲ್ಟಿಮೆಶ್ ಎಂಬ ವ್ಯವಸ್ಥೆ ಉಂಟು. ಒಂದೇ ಮರವನ್ನು ಸಾವಿರ ಕಡೆ ತೋರಿಸಿದರೂ ಗೇಮ್ ಎಡವುವುದಿಲ್ಲ. ಕೈಯಲ್ಲಿ ಬರೆಯುವವಳಿಗೆ ಇದು ನಿಜವಾಗಿಯೂ ವರವೇ.

ಇನ್ನು ಸಿದ್ಧ ಮಾಡೆಲ್‌ಗಳ ವಿಷಯ. ಕೆನ್ನಿ ಎಂಬ ಹೆಸರಿನಲ್ಲಿ ಸಿಗುವ ಪ್ಯಾಕ್‌ಗಳು ಉಚಿತ, ಯಾವ ಷರತ್ತೂ ಇಲ್ಲದೆ ಬಳಸಬಹುದು. ಗುಣಮಟ್ಟ ಒಳ್ಳೆಯದೇ. ಆದರೆ ಅವುಗಳಲ್ಲಿರುವ ಕೋಟೆ ಯುರೋಪಿನದು, ಮರ ಚಳಿದೇಶದ್ದು. ಅಡಿಕೆ ಇಲ್ಲ, ಮುರಕಲ್ಲಿನ ಗೋಡೆ ಇಲ್ಲ, ಅಡಿಕೆ ಹಾಳೆಯ ಟೊಪ್ಪಿ ಹಾಕಿದ ಮನುಷ್ಯ ಇಲ್ಲ. ಟೂಡಿಯ ಸಿದ್ಧ ಪ್ಯಾಕ್‌ಗಳ ಕಥೆಯೂ ಇದೇ. ನಮ್ಮ ಊರನ್ನು ತೋರಿಸಬೇಕಾದರೆ ನಾವೇ ಮಾಡಬೇಕು. ಆದ್ದರಿಂದ ತ್ರೀಡಿಯಲ್ಲಿ ಸಿದ್ಧ ವಸ್ತು ಜಾಸ್ತಿ ಸಿಗುತ್ತದೆ, ಕೆಲಸ ಕಡಿಮೆ ಎಂಬ ವಾದ ನಮ್ಮಂಥವರಿಗೆ ಅಷ್ಟಾಗಿ ನಿಲ್ಲುವುದಿಲ್ಲ.

ಮನುಷ್ಯರ ಚಲನೆಗೆ ಮಾತ್ರ ಸಿದ್ಧ ಸಹಾಯ ಸಿಗುತ್ತದೆ. ಅಡೋಬಿಯವರ ಮಿಕ್ಸಾಮೋ ಎಂಬ ತಾಣಕ್ಕೆ ನಮ್ಮ ಗೊಂಬೆಯನ್ನು ಕೊಟ್ಟರೆ ಅದು ಒಳಗೆ ಮೂಳೆ ಕೂರಿಸಿ, ನಡೆಯುವುದು ಓಡುವುದು ಎಲ್ಲ ಜೋಡಿಸಿ ಕೊಡುತ್ತದೆ. ಉಚಿತ. ಒಬ್ಬರಿಗೆ ಜೋಡಿಸಿದ ನಡಿಗೆಯನ್ನು ಬೇರೆಯವರಿಗೂ ಹಾಕಬಹುದು. ಗೋಡೋ 4ರಲ್ಲಿ ಮೂಳೆಗಳ ಹೆಸರು ಹೊಂದಿಸುವ ವ್ಯವಸ್ಥೆ ಇರುವುದರಿಂದ ಅಲ್ಲಿಗೆ ತಂದ ಮೇಲೂ ಇದು ಕೆಲಸ ಮಾಡುತ್ತದೆ. ಬ್ಲೆಂಡರಿನ ಫೈಲನ್ನು ಗೋಡೋ ನೇರವಾಗಿಯೂ ಓದುತ್ತದೆ, ಬ್ಲೆಂಡರ್ ಎಲ್ಲಿದೆ ಅಂತ ತೋರಿಸಿಕೊಟ್ಟರಾಯಿತು. ಹೆಂಚು ತಿದ್ದಿ ಸೇವ್ ಮಾಡಿ ಗೋಡೋಗೆ ಹೋದರೆ ಅಲ್ಲಿಯೂ ಬದಲಾಗಿರುತ್ತದೆ.

ಇಷ್ಟೆಲ್ಲ ಚೆನ್ನಾಗಿರುವಾಗ ತೊಡಕು ಎಲ್ಲಿ? ತಮ್ಮ ಯಾವುದಕ್ಕಾಗಿ ತ್ರೀಡಿ ಬೇಕು ಅಂದನೋ ಅಲ್ಲಿಯೇ. ಸುರಂಗದ ಒಳಗೆ.

ರೋಲ್ ಪ್ಲೇಯಿಂಗ್ ಗೇಮಿನಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಸ್ವಲ್ಪ ಮೇಲೆ ಇರುತ್ತದೆ. ಬಯಲಿನಲ್ಲಿ ಅದು ಸರಿ. ಅರ್ಧ ಮೀಟರ್ ಅಗಲದ ದಾರಿಯಲ್ಲಿ ಕ್ಯಾಮೆರಾ ನಿಲ್ಲುವುದಾದರೂ ಎಲ್ಲಿ? ಹುಡುಗಿ ತಿರುಗಿದ ಕೂಡಲೇ ಅದು ಕಲ್ಲಿನ ಒಳಗೆ ಹೋಗುತ್ತದೆ, ಗೋಡೆಯ ಆಚೆಯ ಖಾಲಿ ಕಾಣುತ್ತದೆ. ಇದಕ್ಕೆ ಗೋಡೋದಲ್ಲಿ ಸ್ಪ್ರಿಂಗ್ ಆರ್ಮ್ ಎಂಬುದು ಉಂಟು. ಗೋಡೆ ಅಡ್ಡ ಬಂದರೆ ಅದು ಕ್ಯಾಮೆರಾವನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಸುರಂಗದಲ್ಲಿ ಎಲ್ಲ ಕಡೆಯೂ ಗೋಡೆ. ಕ್ಯಾಮೆರಾ ಬಂದು ಹುಡುಗಿಯ ತಲೆಗೂದಲಿಗೆ ಅಂಟಿ ನಿಂತಿತು. ಪರದೆ ತುಂಬ ಕೂದಲು, ಬೇರೆ ಏನೂ ಇಲ್ಲ.

ಸುರಂಗವನ್ನು ಎರಡು ಮೀಟರ್ ಅಗಲ ಮಾಡಿದರೆ ಸಮಸ್ಯೆ ತೀರುತ್ತದೆ. ತಮ್ಮ ಅದನ್ನೂ ಮಾಡಿ ತೋರಿಸಿದ. ನೋಡಿದರೆ ಯಾವುದೋ ರೈಲಿನ ಸುರಂಗ. ನಾವು ಹೇಳಹೊರಟ ಇಕ್ಕಟ್ಟೇ ಹೋಯಿತು. ಪಾತ್ರದ ಕಣ್ಣಿನಿಂದಲೇ ನೋಡುವ ಹಾಗೆ ಮಾಡಿದಾಗ ಮಾತ್ರ ಭಯ ಚೆನ್ನಾಗಿ ಬಂತು, ಅದನ್ನು ಒಪ್ಪಲೇಬೇಕು. ಬತ್ತಿಯ ಬೆಳಕು ಕಲ್ಲಿನ ತೂತುಗಳ ಮೇಲೆ ಆಡುವುದು ನೋಡಿ ಮೈ ಜುಮ್ಮೆಂದಿತು. ಆದರೆ ಆಗ ನಮ್ಮ ಹುಡುಗಿ ಕಾಣುವುದಿಲ್ಲ. ಅವಳ ಹೊಸ ಪಿಕ್ಕಾಸು, ಮಣ್ಣಾದ ಬಟ್ಟೆ, ಹಿಂದೆ ಬುಟ್ಟಿ ಹಿಡಿದು ಬರುವವನು, ಯಾರೂ ಕಾಣುವುದಿಲ್ಲ. ಪಾತ್ರಗಳನ್ನು ಬೆಳೆಸುವ ಗೇಮಿನಲ್ಲಿ ಪಾತ್ರಗಳೇ ಕಣ್ಣಿಗೆ ಬೀಳದಿದ್ದರೆ ಹೇಗೆ?

ನಂತರ ಟೂಡಿಗೆ ಬಂದೆವು. ಮೊದಲು ಮೇಲಿನಿಂದ ಕೆಳಗೆ ನೋಡುವ ನೋಟ, ಹಳೆಯ ಜಪಾನಿ ರೋಲ್ ಪ್ಲೇಯಿಂಗ್ ಗೇಮುಗಳ ಹಾಗೆ. ಅದೂ ಒಪ್ಪಲಿಲ್ಲ. ಮೇಲಿನಿಂದ ನೋಡಿದರೆ ಗುಡ್ಡವೇ ಮಾಯ. ಸುರಂಗ ಒಂದು ಕಂದು ಪಟ್ಟಿಯಾಗಿ ಕಾಣುತ್ತದೆ. ತಲೆಯ ಮೇಲೆ ಇಡೀ ಪದವು, ಅಂದರೆ ಗುಡ್ಡದ ನೆತ್ತಿಯ ಬಯಲು, ಕೂತಿದೆ ಎಂಬ ಭಾರ ಎಲ್ಲಿ?

ಮೂರನೆಯದಾಗಿ ಪಕ್ಕದ ನೋಟ ಮಾಡಿದೆ. ಹಲಸಿನ ಹಣ್ಣು ಸೀಳಿದ ಹಾಗೆ ಗುಡ್ಡವನ್ನೇ ನಡುವಿನಿಂದ ಸೀಳಿ ತೋರಿಸುವುದು. ಮೇಲೆ ಪದವಿನ ಒಣ ಮುಳಿಹುಲ್ಲು. ಅದರ ಕೆಳಗೆ ಗಟ್ಟಿ ಮುರಕಲ್ಲು, ತೂತು ತೂತು. ಮತ್ತೂ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಮಳೆಯ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿಯುತ್ತದೆ, ಶೇಡಿ ಅದನ್ನು ಬೇಗ ಬಿಡುವುದಿಲ್ಲ, ಹಾಗಾಗಿ ಅಲ್ಲಿ ತಂಗುತ್ತದೆ. ತೋಡುವವರು ಹುಡುಕುವುದು ಇದನ್ನೇ. ಪಕ್ಕದ ನೋಟದಲ್ಲಿ ಇದೆಲ್ಲ ಒಂದೇ ಪರದೆಯಲ್ಲಿ ಬಂತು. ಮೇಲೆ ಪದವಿನಲ್ಲಿ ಅಜ್ಜಿ ಮುಳಿಹುಲ್ಲು ಕೊಯ್ಯುತ್ತಿದ್ದಾರೆ, ಅದೇ ಹೊತ್ತಿಗೆ ಅವರ ಕಾಲ ಕೆಳಗೆ ಮೊಮ್ಮಗಳು ಬತ್ತಿ ಹಿಡಿದು ಬಾಗಿ ನಡೆಯುತ್ತಿದ್ದಾಳೆ. ತೋಡುವವರು ಮನಸ್ಸಿನಲ್ಲಿ ಮಾತ್ರ ಕಾಣುವ ಗುಡ್ಡದ ಒಳಗನ್ನು ಆಡುವವರಿಗೆ ತೋರಿಸಲು ಇದಕ್ಕಿಂತ ನೇರ ದಾರಿ ನನಗೆ ಕಾಣಲಿಲ್ಲ. ತ್ರೀಡಿ ಕಣ್ಣು ನೋಡುವುದನ್ನು ತೋರಿಸುತ್ತದೆ. ನಮ್ಮ ಗೇಮಿಗೆ ಕಣ್ಣಿಗೆ ಕಾಣದ್ದೇ ಬೇಕಿತ್ತು.

ತಮ್ಮನೂ ಪರದೆ ನೋಡಿ, "ಇದೇ ಆಗ್ಲಿ ಅಕ್ಕಾ, ಇಕ್ಕಟ್ಟು ಇದ್ರಲ್ಲೂ ಉಂಟು" ಎಂದ. ಕತ್ತಲೆಗೂ ತೊಂದರೆ ಆಗಲಿಲ್ಲ. ಗೋಡೋದಲ್ಲಿ ಟೂಡಿಗೂ ಬೆಳಕು ನೆರಳು ಉಂಟು. ಇಡೀ ಪರದೆಯನ್ನು ಕಪ್ಪು ಮಾಡಿ, ಬತ್ತಿಯ ಸುತ್ತ ಮಾತ್ರ ಒಂದು ಬೆಳಕಿನ ವೃತ್ತ ಇಟ್ಟು, ಕಲ್ಲಿನ ಅಂಚುಗಳಿಗೆ ನೆರಳು ಬೀಳುವ ಹಾಗೆ ಮಾಡಬಹುದು. ಗಾಳಿ ಕಡಿಮೆಯಾದಂತೆ ವೃತ್ತ ಸಣ್ಣದಾಗುತ್ತಾ ಬರುತ್ತದೆ.

ಈಗ ಏಸ್‌ಪ್ರೈಟ್ ಬಗ್ಗೆ. ಅರ್ಜೆಂಟೀನಾದ ಡೇವಿಡ್ ಕಪೆಲೋ 2001ರಿಂದ ಇದನ್ನು ಕಟ್ಟುತ್ತಾ ಬಂದಿದ್ದಾರೆ. ಗೋಡೋ ಕೂಡ ಅರ್ಜೆಂಟೀನಾದವರ ಕೈಯಿಂದಲೇ ಬಂದದ್ದು. ಏಸ್‌ಪ್ರೈಟಿನ ಬೆಲೆ ಸುಮಾರು 20 ಡಾಲರ್. ಸ್ಟೀಮ್ ಎಂಬ ಮಾರಾಟದ ತಾಣದಲ್ಲಿ ರೂಪಾಯಿಯಲ್ಲೇ ಯುಪಿಐ ಮಾಡಿ ಕೊಳ್ಳಬಹುದು, ವರ್ಷಕ್ಕೆ ಕೆಲವು ಸಲ ರಿಯಾಯಿತಿಯೂ ಇರುತ್ತದೆ. ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಕೊಟ್ಟರೆ ಮುಗಿಯಿತು. ಉಚಿತ ಪ್ರಯೋಗದ ಆವೃತ್ತಿ ಉಂಟು, ಆದರೆ ಅದರಲ್ಲಿ ಸೇವ್ ಮಾಡಲಾಗುವುದಿಲ್ಲ. ಕಂಪ್ಯೂಟರ್ ಗೊತ್ತಿದ್ದವರು ಇದರ ಸೋರ್ಸ್ ಕೋಡ್ ಇಳಿಸಿ ತಾವೇ ಕಂಪೈಲ್ ಮಾಡಿಕೊಂಡು ತಮ್ಮ ಬಳಕೆಗೆ ಉಚಿತವಾಗಿ ಇಟ್ಟುಕೊಳ್ಳಬಹುದು, ಅದಕ್ಕೆ ಅವರ ಒಪ್ಪಿಗೆಯೇ ಉಂಟು. ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದ ಲಿಬ್ರೆಸ್ಪ್ರೈಟ್ ಪೂರ್ತಿ ಉಚಿತ. ನನ್ನ ಶಾಲೆಯ ಮಕ್ಕಳಿಗೆ ಅದನ್ನೇ ಹೇಳುತ್ತೇನೆ. ನಾನು ಮಾತ್ರ ದುಡ್ಡು ಕೊಟ್ಟೆ. ಇಷ್ಟು ಕಾಲ ಒಂದೇ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿಕೊಂಡು ಬಂದವರಿಗೆ ಅದು ಸಲ್ಲಬೇಕು.

ಬಳಸಿದ ಮೊದಲ ಗಂಟೆಯಲ್ಲೇ ಒಂದು ಗೊತ್ತಾಗುತ್ತದೆ. ಇದರಲ್ಲಿ ಬೇಡದ್ದು ಏನೂ ಇಲ್ಲ. ಕೆಳಗೆ ಫ್ರೇಮುಗಳ, ಅಂದರೆ ಚಲನೆಯ ಒಂದೊಂದು ಚಿತ್ರದ ಸಾಲು, ಪಕ್ಕದಲ್ಲಿ ಬಣ್ಣಗಳ ಪಟ್ಟಿ, ನಡುವೆ ಚಿತ್ರ. ಎಫ್ 3 ಒತ್ತಿದರೆ ಹಿಂದಿನ ಮುಂದಿನ ಫ್ರೇಮು ಮಸುಕಾಗಿ ಕಾಣುತ್ತದೆ, ಅದನ್ನು ನೋಡಿಕೊಂಡು ಕಾಲು ಎಷ್ಟು ಸರಿಯಬೇಕು ಅಂತ ಅಳೆಯಬಹುದು. ‘ನಡೆ’, ‘ತೋಡು’, ‘ಬಾಗು’ ಅಂತ ಫ್ರೇಮುಗಳಿಗೆ ಗುರುತು ಹಾಕಿ, ಎಲ್ಲವನ್ನೂ ಒಂದೇ ಹಾಳೆಯಾಗಿ ಹೊರಗೆ ಕಳಿಸಬಹುದು. 1.3 ಆವೃತ್ತಿಯಿಂದ ಟೈಲ್‌ಮ್ಯಾಪ್ ಪದರವೂ ಬಂದಿದೆ. ಒಂದು ಮುರಕಲ್ಲಿನ ಚೌಕ ತಿದ್ದಿದರೆ ಗುಡ್ಡದಲ್ಲಿ ಅದು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತಿದ್ದಿಕೊಳ್ಳುತ್ತದೆ. ಹೆಂಚಿಗೆ ಬ್ಲೆಂಡರಿನಲ್ಲಿ ಸಿಕ್ಕ ಸುಖ ಇಲ್ಲಿ ಕಲ್ಲಿಗೆ ಸಿಕ್ಕಿತು.

ಬಣ್ಣದ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇದೇ ನನಗೆ ಅತಿ ಇಷ್ಟವಾದ ಭಾಗ. ಏಸ್‌ಪ್ರೈಟಿನಲ್ಲಿ ಇಂಡೆಕ್ಸ್ಡ್ ಎಂಬ ಬಣ್ಣದ ವಿಧಾನ ಉಂಟು. ಅದರಲ್ಲಿ ಪ್ರತಿ ಚುಕ್ಕೆಯೂ ‘ಪಟ್ಟಿಯ ಏಳನೇ ಬಣ್ಣ’ ಅಂತ ನೆನಪಿಟ್ಟುಕೊಳ್ಳುತ್ತದೆ, ಬಣ್ಣವನ್ನೇ ಅಲ್ಲ. ಪಟ್ಟಿಯಲ್ಲಿ ಏಳನೆಯದನ್ನು ಬದಲಿಸಿದರೆ ಇಡೀ ಚಿತ್ರ ಬದಲಾಗುತ್ತದೆ. ನಮ್ಮ ಮುರಕಲ್ಲು ಬೇಸಿಗೆಯಲ್ಲಿ ಕಿತ್ತಳೆ ಬೆರೆತ ಕೆಂಪು. ಮಳೆ ಬಿದ್ದ ಕೂಡಲೇ ಕಡು ಕಂದು, ತೂತುಗಳು ಕಪ್ಪು, ಕೆಲವು ವಾರಗಳಲ್ಲಿ ಮೇಲೆ ಹಸಿರು ಪಾಚಿ. ಒಂದೇ ಗುಡ್ಡದ ಚಿತ್ರ ಇಟ್ಟುಕೊಂಡು ಮೂರು ಪಟ್ಟಿ ಮಾಡಿದೆ: ಬೇಸಿಗೆಗೆ ಒಂದು, ಜೋರು ಮಳೆಯ ಆಟಿ ತಿಂಗಳಿಗೆ ಒಂದು, ಮಳೆ ನಿಂತು ನೀರು ತಿಳಿಯಾಗುವ ಕಾಲಕ್ಕೆ ಒಂದು. ಗುಡ್ಡ ಮತ್ತೆ ಬರೆಯಬೇಕಾಗಲಿಲ್ಲ. ಗೇಮಿನ ಒಳಗೆ ಈ ಬದಲಾವಣೆ ಮಾಡಲು ತಮ್ಮ ಒಂದು ಸಣ್ಣ ಶೇಡರ್, ಅಂದರೆ ಪರದೆಯ ಬಣ್ಣ ನಿರ್ಧರಿಸುವ ಕೋಡ್ ಬರೆದ. ತ್ರೀಡಿಯಲ್ಲಿ ಇದನ್ನು ಮಾಡಲಾಗದು ಅಂತಲ್ಲ. ಅಲ್ಲಿ ಒದ್ದೆ ಕಲ್ಲಿನ ಹೊಳಪು, ಪಾಚಿ, ಬೆಳಕು ಎಲ್ಲಕ್ಕೂ ಬೇರೆ ಬೇರೆ ಕೆಲಸ. ಇಲ್ಲಿ ಬಣ್ಣ ಆರಿಸುವ ಕಣ್ಣೊಂದು ಸಾಕು, ಅದು ಚಿತ್ರ ಬರೆಯುವವರಿಗೆ ಇದ್ದೇ ಇರುತ್ತದೆ.

ಟೂಡಿ ಸುಲಭ ಎಂದು ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಶುರು ಮಾಡುವುದು ಸುಲಭ. ಆಮೇಲೆ ಗುಣಾಕಾರ ಶುರುವಾಗುತ್ತದೆ. ಮೇಲಿನಿಂದ ನೋಡುವ ಗೇಮಿನಲ್ಲಿ ಒಬ್ಬ ಪಾತ್ರಕ್ಕೆ ನಾಲ್ಕು ದಿಕ್ಕು. ಐದು ಕೆಲಸ, ಪ್ರತಿ ಕೆಲಸಕ್ಕೆ ಆರು ಫ್ರೇಮು ಅಂತ ಇಟ್ಟುಕೊಳ್ಳಿ. 120 ಚಿತ್ರ ಆಯಿತು. ಮೂರು ಬಗೆಯ ಬಟ್ಟೆ ಇಟ್ಟರೆ 360. ಜೊತೆಗಾರರು ಇಬ್ಬರು ಸೇರಿದರೆ ಸಾವಿರ ದಾಟುತ್ತದೆ. ತ್ರೀಡಿಯಲ್ಲಿ ಬಟ್ಟೆ ಒಮ್ಮೆ ಹೊಲಿದರೆ ಎಲ್ಲ ದಿಕ್ಕಿನಿಂದಲೂ ಕಾಣುತ್ತದೆ, ನಡಿಗೆ ಎಲ್ಲರಿಗೂ ಒಂದೇ. ಹಾಗಾಗಿ ಆಯುಧ, ಉಡುಗೆ, ಕವಚ ಮತ್ತೆ ಮತ್ತೆ ಬದಲಾಗುವ ದೊಡ್ಡ ರೋಲ್ ಪ್ಲೇಯಿಂಗ್ ಗೇಮ್ ನಿಮ್ಮ ತಲೆಯಲ್ಲಿದ್ದರೆ ತ್ರೀಡಿಯೇ ಕೊನೆಗೆ ಅಗ್ಗ. ಮೊದಲ ಒಂದು ಪಾತ್ರ ನಡೆಯುವ ಹೊತ್ತಿಗೆ ಸುಸ್ತಾಗುತ್ತದೆ, ಹತ್ತನೆಯದಕ್ಕೆ ಹಗುರ. ಟೂಡಿಯಲ್ಲಿ ಮೊದಲನೆಯದು ಹಗುರ, ಹತ್ತನೆಯದೂ ಮೊದಲಿನಷ್ಟೇ ಕೆಲಸ.

ಪಕ್ಕದ ನೋಟ ನಮ್ಮನ್ನು ಇಲ್ಲಿಯೂ ಉಳಿಸಿತು. ದಿಕ್ಕು ಒಂದೇ. ಬಲಕ್ಕೆ ನಡೆಯುವುದನ್ನು ಬರೆದು, ಎಡಕ್ಕೆ ಅದನ್ನೇ ಮಗುಚಿದರಾಯಿತು. 120 ಇದ್ದದ್ದು 30 ಆಯಿತು. ಇಬ್ಬರೇ ಇರುವ ತಂಡಕ್ಕೆ ಇದು ಗೇಮ್ ಮುಗಿಯುವುದಕ್ಕೂ ಮುಗಿಯದಿರುವುದಕ್ಕೂ ಇರುವ ಅಂತರ.

ಮಗುಚುವುದರಲ್ಲಿ ಒಂದು ಎಚ್ಚರ ಬೇಕು. ಅಜ್ಜಿಯ ಸೀರೆಯ ಸೆರಗು ಎಡ ಹೆಗಲಿನ ಮೇಲೆ. ಚಿತ್ರ ಮಗುಚಿದರೆ ಅದು ಬಲ ಹೆಗಲಿಗೆ ಹೋಗುತ್ತದೆ. ಬೇರೆ ದೇಶದ ಆಟಗಾರರಿಗೆ ಗೊತ್ತಾಗದು. ನಮ್ಮ ಕಡೆಯ ಹೆಂಗಸರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅಜ್ಜಿಯ ಎರಡೂ ಬದಿಯನ್ನು ಬೇರೆ ಬೇರೆಯಾಗಿಯೇ ಬರೆದೆ. ಹಾಳೆಯ ಟೊಪ್ಪಿ ಎರಡೂ ಕಡೆಗೆ ಒಂದೇ ಆದ್ದರಿಂದ ಗಂಡಸರು ಹೆಚ್ಚು ಕೆಲಸ ಕೊಡಲಿಲ್ಲ.

ನಡುವಿನ ದಾರಿಯೂ ಉಂಟು, ಅದನ್ನು ಒಳ್ಳೊಳ್ಳೆಯ ಗೇಮುಗಳೇ ಹಿಡಿದಿವೆ. ಡೆಡ್ ಸೆಲ್ಸ್‌ನ ಪಿಕ್ಸೆಲ್ ಪಾತ್ರಗಳು ನಿಜದಲ್ಲಿ ತ್ರೀಡಿ ಗೊಂಬೆಗಳು. ಅವನ್ನು ಸಣ್ಣ ಗಾತ್ರದ ಚಿತ್ರಗಳಾಗಿ ತೆಗೆದು (ರೆಂಡರ್ ಮಾಡಿ) ಪಿಕ್ಸೆಲ್ ಮಾಡಿದ್ದಾರೆ. 2018ರ ಆಕ್ಟೋಪಾತ್ ಟ್ರಾವೆಲರ್ ಅದಕ್ಕೆ ಉಲ್ಟಾ. ಅಲ್ಲಿ ಲೋಕ ತ್ರೀಡಿ, ಅದರಲ್ಲಿ ನಡೆಯುವ ಜನ ಟೂಡಿ. ಎರಡನೆಯ ದಾರಿ ನೋಡಲು ತುಂಬ ಚೆಂದ. ಆದರೆ ಸಣ್ಣ ತಂಡಕ್ಕೆ ಎರಡೂ ಬಗೆಯ ಕೆಲಸ ಕಲಿಯಬೇಕು, ಬೆಳಕು ಎರಡಕ್ಕೂ ಹೊಂದಬೇಕು. ಅದು ನನಗೆ ಬೇಡ ಅನ್ನಿಸಿತು.

ಡೆಡ್ ಸೆಲ್ಸ್‌ನ ದಾರಿಯನ್ನು ಒಂದೇ ಒಂದು ಕಡೆ ಬಳಸುತ್ತಿದ್ದೇನೆ. ಪಿಕ್ಕಾಸು ಬೀಸುವುದು. ಇಕ್ಕಟ್ಟಿನಲ್ಲಿ ಪಿಕ್ಕಾಸನ್ನು ತಲೆಯ ಮೇಲಕ್ಕೆ ಎತ್ತಲು ಜಾಗ ಇಲ್ಲ. ಮೈ ತಿರುಚಿ, ಮೊಣಕೈ ಮಡಚಿ, ಗಿಡ್ಡ ಹೊಡೆತ ಹೊಡೆಯಬೇಕು. ಆ ತಿರುಚುವಿಕೆ ಊಹೆಯಿಂದ ಬರೆಯಲು ಕಷ್ಟ. ಬ್ಲೆಂಡರಿನಲ್ಲಿ ಮುಖ ಮೂಗು ಇಲ್ಲದ ಒಂದು ಗೊಂಬೆ ಮಾಡಿ, ಅದಕ್ಕೆ ಮೂಳೆ ಹಾಕಿ, ಆ ಹೊಡೆತ ಮಾಡಿಸಿ, ಪಕ್ಕದಿಂದ ಸಣ್ಣ ಚಿತ್ರಗಳಾಗಿ ತೆಗೆದೆ. ಅವನ್ನು ಏಸ್‌ಪ್ರೈಟಿನಲ್ಲಿ ಕೆಳಗಿನ ಪದರದಲ್ಲಿಟ್ಟು ಮೇಲೆ ಬರೆದೆ. ಹೆಗಲು ಸರಿಯಾದ ಜಾಗಕ್ಕೆ ಬಂತು. ಹಾಗಾಗಿ ಬ್ಲೆಂಡರ್ ನನ್ನ ಕಂಪ್ಯೂಟರಿನಲ್ಲಿ ಉಳಿದುಕೊಂಡಿದೆ.

ತ್ರೀಡಿ ಯಾರಿಗೆ ಬೇಕು ಎಂಬುದಕ್ಕೆ ನಮ್ಮಲ್ಲೇ ಉತ್ತರ ಉಂಟು. ಬೇಕಲ ಕೋಟೆಗೆ ಹೋದವರು ನೆನಪಿಸಿಕೊಳ್ಳಿ. ಕೆಳದಿಯ ಶಿವಪ್ಪ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ್ದು, ಸುಮಾರು 40 ಎಕರೆ. ನಡುವಿನ ಬತೇರಿಯ (ಕಾವಲು ಬುರುಜಿನ) ಇಳಿಜಾರು ಹತ್ತುತ್ತಾ ಹೋದಂತೆ ಕಡಲು ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತದೆ. ಮೇಲೆ ನಿಂತು ಸುತ್ತ ತಿರುಗಿದರೆ ಕೋಟೆ ಪೂರ್ತಿ ಅರ್ಥವಾಗುತ್ತದೆ. ಅಲ್ಲಿ ಕಥೆ ನಡೆಯುವುದಾದರೆ ನಾನು ಕಣ್ಣುಮುಚ್ಚಿ ತ್ರೀಡಿ ಅನ್ನುತ್ತೇನೆ. ಮಧೂರು ದೇವಸ್ಥಾನದ ಆನೆಯ ಬೆನ್ನಿನಂಥ ಗಜಪೃಷ್ಠ ಮಾಡೂ ಹಾಗೆಯೇ. ಅದರ ಸುತ್ತ ನಡೆದಾಗಲೇ ಆ ದುಂಡು ತಿಳಿಯುವುದು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ‘ರಾಜಿ’ ಗೇಮ್ ನೋಡಿ. ಕೋಟೆ, ದೇವಸ್ಥಾನಗಳ ಎತ್ತರ ಆಳಗಳೇ ಅದರ ಬಲ. ಅದನ್ನು ಪಕ್ಕದ ನೋಟದಲ್ಲಿ ಮಾಡಿದ್ದರೆ ಅರ್ಧ ಹೋಗುತ್ತಿತ್ತು.

ಕಂಪ್ಯೂಟರ್ ಬಗ್ಗೆ ಒಂದು ಮಾತು, ಏಕೆಂದರೆ ಶಾಲೆಯ ಹಳೆಯ ಮಷೀನುಗಳಲ್ಲಿ ಮಕ್ಕಳು ಕೇಳುತ್ತಾರೆ. ಬ್ಲೆಂಡರ್ 4ರಿಂದ ಈಚೆಗೆ ಓಪನ್‌ಜಿಎಲ್ 4.3 (ಚಿತ್ರ ಮೂಡಿಸಲು ಸಾಫ್ಟ್‌ವೇರ್ ಬಳಸುವ ಒಂದು ವ್ಯವಸ್ಥೆ) ಬೆಂಬಲಿಸುವ ಗ್ರಾಫಿಕ್ಸ್ ಬೇಕು. ಹತ್ತು ಹನ್ನೆರಡು ವರ್ಷ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕವು ಅಲ್ಲಿಗೇ ನಿಲ್ಲುತ್ತವೆ. ಅಂಥದ್ದರಲ್ಲಿ 3.6 ಆವೃತ್ತಿ ಹಾಕಿ ನೋಡಬಹುದು. ಏಸ್‌ಪ್ರೈಟ್ ಯಾವ ಹಳೆಯ ಡಬ್ಬದಲ್ಲೂ ಓಡುತ್ತದೆ. ಆಡುವವರ ಕಡೆಯಿಂದಲೂ ಯೋಚಿಸಬೇಕು. ನಮ್ಮ ಗೇಮ್ ಆಡುವ ಮಕ್ಕಳ ಕೈಯಲ್ಲಿ ಇರುವುದು ಅಗ್ಗದ ಮೊಬೈಲು. ಟೂಡಿ ಅದರಲ್ಲಿ ಹಗುರಾಗಿ ಓಡುತ್ತದೆ, ಬ್ಯಾಟರಿಯೂ ಅಷ್ಟು ಬೇಗ ಇಳಿಯುವುದಿಲ್ಲ.

ಏಸ್‌ಪ್ರೈಟಿನಲ್ಲಿ ಸರಿಯಿಲ್ಲದ್ದು? ದೊಡ್ಡ ಹಿನ್ನೆಲೆ ಚಿತ್ರ ಬರೆಯಲು ಅದು ಹೇಳಿದ್ದಲ್ಲ. ಬ್ರಷ್‌ಗಳು ಗಡುಸು, ನೀರುಬಣ್ಣದ ಮೆದು ಬರುವುದಿಲ್ಲ. ಮೂಳೆ ಹಾಕಿ ಚಿತ್ರ ಆಡಿಸುವ ವ್ಯವಸ್ಥೆ ಇಲ್ಲ. ಪೆನ್ ಟ್ಯಾಬ್ಲೆಟ್ ಇಲ್ಲದೆ ಮೌಸಿನಲ್ಲೇ ಕೆಲಸ ನಡೆಯುತ್ತದೆ ಎಂಬುದು ಮಾತ್ರ ಇದಕ್ಕೆಲ್ಲ ಸಮ. ಚುಕ್ಕೆ ಚುಕ್ಕೆ ಇಡುವ ಕೆಲಸಕ್ಕೆ ಮೌಸು ಧಾರಾಳ ಸಾಕು.

ಇನ್ನೊಂದು ವಿಷಯ ಕನ್ನಡದಲ್ಲಿ ಗೇಮ್ ಮಾಡುವವರಿಗೇ. ಪಿಕ್ಸೆಲ್ ಗೇಮುಗಳನ್ನು 320ಕ್ಕೆ 180 ಅಥವಾ 640ಕ್ಕೆ 360 ಚುಕ್ಕೆಯ ಪರದೆಯಲ್ಲಿ ಬರೆದು ದೊಡ್ಡದು ಮಾಡುತ್ತಾರೆ. 1920ಕ್ಕೆ 1080ರ ಪರದೆಗೆ ಇವು ಸರಿಯಾಗಿ ಆರು ಪಟ್ಟು, ಮೂರು ಪಟ್ಟು ಆಗುತ್ತವೆ. ಇಂಗ್ಲಿಷ್ ಅಕ್ಷರ ಎಂಟು ಚುಕ್ಕೆ ಎತ್ತರದಲ್ಲೂ ಓದಬಹುದು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಅಷ್ಟು ಸಣ್ಣದರಲ್ಲಿ ‘ಸುರಂಗಕ್ಕೆ’ ಎಂದು ಬರೆದರೆ ಕೊನೆಯ ಅಕ್ಷರ ಒಂದು ಕಪ್ಪು ಮುದ್ದೆ. ಗೋಡೋದ ಸ್ಟ್ರೆಚ್ ಸೆಟ್ಟಿಂಗಿನಲ್ಲಿ ‘ವ್ಯೂಪೋರ್ಟ್’ ಇಟ್ಟರೆ ಅಕ್ಷರವೂ ಚಿತ್ರದ ಜೊತೆ ಚುಕ್ಕೆಯಾಗುತ್ತದೆ. ‘ಕ್ಯಾನ್ವಾಸ್ ಐಟಮ್ಸ್’ ಇಟ್ಟರೆ ಚಿತ್ರ ಪಿಕ್ಸೆಲ್ ಆಗಿಯೇ ಇದ್ದು ಅಕ್ಷರ ಪರದೆಯ ಪೂರ್ತಿ ಸ್ಪಷ್ಟತೆಯಲ್ಲಿ ಬರುತ್ತದೆ. ಪಿಕ್ಸೆಲ್ ಕಲೆಯ ಶುದ್ಧಿ ನೋಡುವವರು ಎರಡೂ ಬೆರೆಯಬಾರದು ಅನ್ನುತ್ತಾರೆ. ನಾನು ಬೆರೆಸಿದ್ದೇನೆ. ನಮ್ಮ ಗೇಮಿನಲ್ಲಿ ಮಾತು ಜಾಸ್ತಿ, ಆಡುವವರಲ್ಲಿ ಐದನೇ ಕ್ಲಾಸಿನ ಮಕ್ಕಳೂ ಇದ್ದಾರೆ, ಅವರಿಗೆ ಓದಲು ಆಗಬೇಕು. ಮುಕ್ತ ಪರವಾನಗಿಯ ಬಾಲೂ ತಮ್ಮ ಫಾಂಟ್ ಹಾಕಿದೆ, ದುಂಡಗಿದೆ, ಚಿತ್ರಕ್ಕೂ ಒಪ್ಪಿತು.

ಗೋಡೋ 3ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂಡುತ್ತಿರಲಿಲ್ಲ. 2023ರ ಮಾರ್ಚಿನಲ್ಲಿ ಬಂದ 4ರಿಂದ ಕೂಡುತ್ತದೆ, ಹಾಗಾಗಿ ಹಳೆಯದರಲ್ಲಿ ಶುರು ಮಾಡಬೇಡಿ. ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಮಾಡುವಾಗ, ಅಕ್ಷರ ತೋರಿಸುವ ಲೇಬಲ್‌ನಲ್ಲಿ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಎಂಬ ಆಯ್ಕೆ ಹುಡುಕಿ. ಮೊದಲಿಗೆ ಅದು ‘ಬಿಫೋರ್ ಶೇಪಿಂಗ್’ ಎಂದಿರುತ್ತದೆ. ಆಗ ‘ಕ’ ಬರುತ್ತದೆ, ಅದು ‘ಕ್’ ಆಗುತ್ತದೆ, ಆಮೇಲೆ ‘ಕ್ಕ’, ಆಮೇಲೆ ‘ಕ್ಕೆ’. ಓದುವ ಮಗುವಿನ ಕಣ್ಣೆದುರೇ ಅಕ್ಷರ ರೂಪ ಬದಲಿಸುತ್ತಾ ಕುಣಿಯುತ್ತದೆ. ‘ಆಫ್ಟರ್ ಶೇಪಿಂಗ್’ ಅಂತ ಬದಲಿಸಿದರೆ ಈ ಕುಣಿತ ನಿಲ್ಲುತ್ತದೆ.